ಹೊಗಳಿಕೆಯ ಅಡ್ಡ ಪರಿಣಾಮಗಳು

ಐದು ವರ್ಷದ ಮಕ್ಕಳಿಗೆ ಆತ್ಮವಿಶ್ವಾಸ ತುಂಬಬೇಕು ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ. ನಮ್ಮ ಮಗನಲ್ಲಿ ಅದು ತುಂಬಿ ಹೊರಗೆ ಚೆಲ್ಲುತ್ತಿದೆ. ಅವನು ಚಿರತೆಗಿಂತ ಜೋರಾಗಿ ಓಡಬಲ್ಲ. ಮಂಚ ಎತ್ತಬಲ್ಲ, ಇವತ್ತು ಮಾತ್ರ ಕೈ ನೋವು. ಈಜು ಚೆನ್ನಾಗಿ ಬರುತ್ತದೆ, ಇನ್ನೂ ನೀರಿಗೆ ಇಳಿದಿಲ್ಲ ಅಷ್ಟೆ.

ಇದು ಸುಳ್ಳೂ ಅಲ್ಲ, ಜಂಬವೂ ಅಲ್ಲ. ಈ ವಯಸ್ಸಿನವರು ತಮ್ಮನ್ನು ಹೆಚ್ಚಾಗಿ ಹೋಲಿಸಿಕೊಳ್ಳುವುದು ತಮ್ಮ ಜೊತೆಗೇ. ಹೋದ ವರ್ಷ ಶೂ ಹಾಕಿಕೊಳ್ಳಲು ಬರುತ್ತಿರಲಿಲ್ಲ, ಈಗ ಬರುತ್ತದೆ. ಅಂದಮೇಲೆ ಬರದೇ ಇರುವುದು ಏನಿದೆ? ಏಳೆಂಟು ವರ್ಷದ ಹೊತ್ತಿಗೆ ಪಕ್ಕದಲ್ಲಿ ಕೂತವರನ್ನು ನೋಡಿ ಅಳೆಯುವುದು ಶುರುವಾಗುತ್ತದೆ. ಆಗ ‘ನಂಗೆ ಚಿತ್ರ ಬರೆಯೋಕೆ ಬರಲ್ಲ’ ಎಂಬ ಮಾತು ಹುಟ್ಟುತ್ತದೆ. ನಮ್ಮ ಮಗಳು ಸರಿಯಾಗಿ ಆ ಗಡಿಯಲ್ಲಿದ್ದಾಳೆ.

ಆ ಸಮಯಕ್ಕೇ ಅವಳ ಶಾಲೆಯಿಂದ ಒಂದು ಹಾಳೆ ಬಂತು. ಮೇಲೆ ‘ನನ್ನ ಸಾಮರ್ಥ್ಯಗಳು’ ಎಂದಿತ್ತು, ಕೆಳಗೆ ಖಾಲಿ ಗೆರೆಗಳು. ಪೋಷಕರು ಸಹಾಯ ಮಾಡಬೇಕಂತೆ. ಹಾಗೆಂದರೆ ಪೋಷಕರೇ ಬರೆಯಬೇಕು ಎಂದು ಅರ್ಥ, ಅದು ಎಲ್ಲರಿಗೂ ಗೊತ್ತು.

“ನಿನಗೆ ಯಾವುದು ಚೆನ್ನಾಗಿ ಬರುತ್ತೆ?” ಎಂದು ಕೇಳಿದೆ.

“ಓಟದಲ್ಲಿ ಹಿಂದೆ ಉಳೀತೀನಿ. ಅಕ್ಷರ ಸೊಟ್ಟ.”

“ಅದಲ್ಲ, ಬರೋದು ಹೇಳು.”

ಅವಳು ನನ್ನನ್ನೇ ನೋಡುತ್ತಾ ಕೂತಳು. ಆಮೇಲೆ, “ಅಪ್ಪ, ಫೋನಲ್ಲಿ ಸುಳ್ಳು ಹೇಳುವಾಗ ನೀನು ಕಿವಿ ಮುಟ್ಟಿಕೊಳ್ತೀಯ” ಎಂದಳು.

ಹೆಂಡತಿ ತಕ್ಷಣ ಪೆನ್ನು ಎತ್ತಿಕೊಂಡು ಮೊದಲ ಗೆರೆ ತುಂಬಿಸಿದಳು: ಸೂಕ್ಷ್ಮವಾಗಿ ಗಮನಿಸುತ್ತಾಳೆ.

ಉಳಿದ ಗೆರೆಗಳಿಗಾಗಿ ಹುಡುಕಿದಾಗ ಸಿಕ್ಕಿದ್ದು ಮನಶ್ಶಾಸ್ತ್ರಜ್ಞರಾದ ಕ್ರಿಸ್ಟೋಫರ್ ಪೀಟರ್ಸನ್ ಮತ್ತು ಮಾರ್ಟಿನ್ ಸೆಲಿಗ್‌ಮನ್ 2004ರಲ್ಲಿ ಮಾಡಿದ ಪಟ್ಟಿ. ಅದರಲ್ಲಿ 24 ಗುಣಗಳಿವೆ. ಕುತೂಹಲ, ಛಲ, ದಯೆ, ಧೈರ್ಯ, ಹಾಸ್ಯ ಹೀಗೆ. ದುಂಡಗಿನ ಅಕ್ಷರ ಎಲ್ಲೂ ಇಲ್ಲ, ಓಟವೂ ಇಲ್ಲ. ಮಗಳಿಗೆ ಅದೇ ದೊಡ್ಡ ಸಮಾಧಾನ. ಹೆಂಡತಿ ಉತ್ಸಾಹದಿಂದ ಒಂದೊಂದೇ ಗುಣವನ್ನು ಮನೆಯವರಿಗೆಲ್ಲ ಹಂಚುತ್ತಾ ಹೋದಳು. ಸ್ವನಿಯಂತ್ರಣ ಮಾತ್ರ ಹಕ್ಕುದಾರರಿಲ್ಲದೆ ಉಳಿಯಿತು. ದೊಡ್ಡವರನ್ನು ಸೇರಿಸಿಯೂ.

ಗುಣ ಸಿಕ್ಕಿದರೆ ಸಾಲದು, ಅದನ್ನು ಮಗುವಿಗೆ ಹೇಳುವುದಕ್ಕೂ ಒಂದು ರೀತಿ ಇದೆ. 1998ರಲ್ಲಿ ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ ಎಂಬುವರು ಐದನೇ ತರಗತಿಯ ಮಕ್ಕಳಿಗೆ ಒಗಟು ಬಿಡಿಸಲು ಕೊಟ್ಟರು. ಕೆಲವರಿಗೆ ‘ನೀನು ತುಂಬಾ ಜಾಣ’ ಎಂದರು, ಕೆಲವರಿಗೆ ‘ಚೆನ್ನಾಗಿ ಶ್ರಮಪಟ್ಟೆ’ ಎಂದರು. ಶ್ರಮಪಟ್ಟವರಲ್ಲಿ ಹೆಚ್ಚಿನವರು ಹೊಸದು ಕಲಿಸುವ ಕಷ್ಟದ ಕೆಲಸ ಬೇಕೆಂದರು. ಜಾಣರಲ್ಲಿ ಬಹಳ ಜನ ಸುಲಭದ್ದೇ ಸಾಕೆಂದರು. ಕಷ್ಟದ ಒಗಟಿನಲ್ಲಿ ಸೋತ ಮೇಲೆ ತಮ್ಮ ಅಂಕ ತಾವೇ ಬರೆಯಲು ಹೇಳಿದರೆ, ಜಾಸ್ತಿ ಬರೆದುಕೊಂಡವರೂ ಜಾಣರಲ್ಲೇ ಹೆಚ್ಚು. ಜಾಣತನ ಉಳಿಸಿಕೊಳ್ಳಬೇಕಲ್ಲ, ಪಾಪ.

ಹಾಗಾಗಿ ನಮ್ಮ ಮನೆಯಲ್ಲಿ ‘ಜಾಣ ಮರಿ’ ನಿಷೇಧವಾಯಿತು. ಕಣ್ಣಾರೆ ನೋಡಿದ್ದನ್ನೇ ಹೇಳಬೇಕು. ‘ತಮ್ಮ ಅಳುವಾಗ ನಿನ್ನ ಗೊಂಬೆ ಕೊಟ್ಟೆ’ ಎನ್ನಬೇಕು, ಸುಮ್ನೆ ‘ಒಳ್ಳೆ ಹುಡುಗಿ’ ಎಂದರೆ ಆಗಲ್ಲ. ಅಜ್ಜಿ ಒಪ್ಪಲಿಲ್ಲ. “ಅಷ್ಟುದ್ದ ಹೇಳೋಷ್ಟರಲ್ಲಿ ಮಗು ಓಡಿ ಹೋಗಿರುತ್ತೆ” ಎಂದರು. ಹೋಗಿಯೇ ಇರುತ್ತದೆ. ಆದರೂ ಐದು ವರ್ಷದವನಿಗೆ ‘ನೀನು ಛಲಗಾರ’ ಎಂದರೆ ಏನು ತಿಳಿಯುತ್ತದೆ? ‘ಜಿಪ್ ಸಿಕ್ಕಿಹಾಕಿಕೊಂಡರೂ ಬಿಡಲಿಲ್ಲ’ ಎಂದರೆ ತಿಳಿಯುತ್ತದೆ. ಆ ಜಿಪ್ ಈಗ ಕೆಲಸ ಮಾಡುತ್ತಿಲ್ಲ ಎಂಬುದು ಬೇರೆ ವಿಷಯ.

ಈ ತಜ್ಞರು ಯಾರೂ ಹೇಳದೇ ಇರುವ ಒಂದು ಸಂಗತಿ ಇದೆ. ನಿನ್ನ ಶಕ್ತಿ ಇದು ಎಂದು ಮಗುವಿಗೆ ತೋರಿಸಿದ ಮರುಗಳಿಗೆಯಿಂದ ಅದು ಪೂರ್ತಿ ಬಳಕೆಗೆ ಬರುತ್ತದೆ.

ಭಾನುವಾರ ನೆಂಟರು ಬಂದರು. ಚೆಂದದ ಪೊಟ್ಟಣ ತಂದಿದ್ದರು. ಬಿಚ್ಚಿದೆವು, ಒಳಗೊಂದು ಹೂದಾನಿ. ನಾವು “ಅಯ್ಯೋ, ಇದೆಲ್ಲ ಯಾಕೆ ತರೋಕೆ ಹೋದಿರಿ” ಎನ್ನುವ ಮೊದಲೇ ಮಗಳು ಅದನ್ನು ತಿರುಗಿಸಿ ತಳ ನೋಡಿದಳು.

“ಅಪ್ಪ, ಇದು ನಾವು ಅವರಿಗೆ ಕೊಟ್ಟಿದ್ದು. ನನ್ನ ಕ್ರೇಯಾನಿನ ಗೆರೆ ಇನ್ನೂ ಇದೆ.”

ಕೋಣೆ ತಣ್ಣಗಾಯಿತು. ಅವಳ ಮುಖ ಮಾತ್ರ ಬೆಳಗುತ್ತಿತ್ತು. “ನಾನು ಗಮನಿಸಿದೆ ಅಲ್ವಾ?” ಎಂದು ಕೇಳಿದಳು. ಏನು ಹೇಳಲಿ? ಗಮನಿಸಿದ್ದು ನಿಜ.

ನೆಂಟರು ಹೋದ ಮೇಲೆ, ಗಮನಿಸಿದ್ದನ್ನೆಲ್ಲ ಜೋರಾಗಿ ಹೇಳಬೇಕಾಗಿಲ್ಲ ಎಂದು ವಿವರಿಸಿದೆ. “ಹಾಗಾದ್ರೆ ಕಿವೀಲಿ ಹೇಳ್ತೀನಿ” ಎಂದು ಒಪ್ಪಿದಳು. ಈಗ ಕಿವಿಯಲ್ಲೇ ಹೇಳುತ್ತಾಳೆ. ಅವಳ ಪಿಸುಮಾತು ಪಕ್ಕದ ಮನೆಯವರಿಗೂ ಸ್ಪಷ್ಟವಾಗಿ ಕೇಳಿಸುತ್ತದೆ.

ಇತ್ತ ಮಗ ಗೋಡೆ ಗಡಿಯಾರಕ್ಕೆ ಕೈ ಹಾಕಿದ್ದ. ಬ್ಯಾಟರಿ ಬದಲಿಸಲೆಂದು ನಾನು ಕೆಳಗಿಳಿಸಿಟ್ಟಿದ್ದೆ. ಬಂದು ನೋಡಿದರೆ ಅದರ ಒಳಗಿನದೆಲ್ಲ ನೆಲದ ಮೇಲಿದೆ. ಚಕ್ರಗಳು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಕೂತಿವೆ. ಮುಳ್ಳುಗಳು ಪಕ್ಕದಲ್ಲಿ ಬೇರೆ. ಬೈಯಲು ಬಾಯಿ ತೆರೆದೆ. ಆದರೆ ಮನೆಯ ಹೊಸ ನಿಯಮ ಇತ್ತಲ್ಲ.

“ಗಾತ್ರ ನೋಡಿ ಜೋಡಿಸಿದ್ದೀಯ. ಒಂದನ್ನೂ ಕಳೆದಿಲ್ಲ” ಎಂದೆ, ಹಲ್ಲು ಕಚ್ಚಿಕೊಂಡು.

“ಹೂಂ. ನಾಳೆ ಫ್ಯಾನು” ಎಂದ.

ಸ್ಕ್ರೂಡ್ರೈವರನ್ನು ಬೀರುವಿನ ಮೇಲೆ, ಹಳೇ ಸೂಟ್‌ಕೇಸಿನ ಹಿಂದೆ ಬಚ್ಚಿಟ್ಟೆ. ಎಲ್ಲಿಟ್ಟೆ ಎಂದು ಮಗಳು ಗಮನಿಸಿದ್ದಾಳೆ. ತಮ್ಮನ ಕಿವಿಯಲ್ಲಿ ಹೇಳಿದ್ದೂ ನನಗೆ ಕೇಳಿಸಿತು. ಅವನು ಆಗಲೇ ಸ್ಟೂಲು ಎಳೆಯುತ್ತಿದ್ದಾನೆ.