ಕುಡಿಯದೆಯೇ ‘ಕಪ್ಪು ನೀರು’ ಎಂದವರ ಗಮನಕ್ಕೆ

ನಿನ್ನೆ ಸಂಜೆಯಿಂದ ಹೊಟ್ಟೆಯಲ್ಲಿ ಕುದಿಯುತ್ತಿರುವುದನ್ನು ಇಲ್ಲಿ ಸುರಿಯದಿದ್ದರೆ ಇವತ್ತೂ ನಿದ್ದೆ ಬರುವುದಿಲ್ಲ. ‘ಕಾಫಿ ಕುಡಿದರೆ ನಿದ್ದೆ ಎಲ್ಲಿಂದ ಬರಬೇಕು’ ಎಂದು ಕಮೆಂಟ್ ಹಾಕಲು ಕಾದಿರುವವರು ಈಗಲೇ ಹಾಕಿ ಮುಗಿಸಿಬಿಡಿ.

ಧಾರವಾಡದ ಸಪ್ತಾಪುರದಲ್ಲಿರುವ ಆ ಪುಟ್ಟ ಕಾಫಿ ಅಂಗಡಿಯ ಬಗ್ಗೆ ಮೊದಲೂ ಬರೆದಿದ್ದೇನೆ. ನಾಲ್ಕು ಮೇಜು, ಒಂದು ಕಟ್ಟೆ, ಕಟ್ಟೆಯ ಹಿಂದೆ ಒಬ್ಬ ಹುಡುಗ. ಅವನೇ ಮಾಲೀಕ, ಬೀಜ ಹುರಿಯುವವನೂ ಅವನೇ, ಕಪ್ಪು ತೊಳೆಯುವವನೂ ಅವನೇ. ‘ಮೇಡಂ ಎನ್ನಬೇಡ, ಅಕ್ಕಾ ಎನ್ನು’ ಎಂದು ಹೇಳಿ ಹೇಳಿ ಸಾಕಾಗಿದೆ. ಬ್ಯಾಂಕಿನಿಂದ ನಿವೃತ್ತಳಾದರೂ ಮೇಡಂ ಎನ್ನುವುದು ಮುಖದ ಮೇಲೆ ಉಳಿದುಬಿಟ್ಟಿದೆಯೋ ಏನೋ.

ನಿನ್ನೆ ಅವನು ನನ್ನ ಕಾಫಿ ಸೋಸುತ್ತಿದ್ದ. ಪುಟ್ಟ ತಕ್ಕಡಿಯ ಮೇಲೆ ಗಾಜಿನ ಪಾತ್ರೆ, ಅದರ ಬಾಯಿಗೆ ಆಲಿಕೆಯಂಥ ಪಿಂಗಾಣಿ ಡ್ರಿಪ್ಪರ್, ಒಳಗೆ ಕಾಗದದ ಫಿಲ್ಟರ್, ಅದರಲ್ಲಿ 15 ಗ್ರಾಂ ಪುಡಿ. ಸಪೂರ ಮೂತಿಯ ಕೆಟಲ್‌ನಿಂದ ಪುಡಿ ನೆನೆಯುವಷ್ಟೇ ಬಿಸಿನೀರು ಹಾಕಿ ಕೈ ತಡೆದ. ಹೊಸದಾಗಿ ಹುರಿದ ಕಾಫಿಯೊಳಗೆ ಇಂಗಾಲದ ಡೈಆಕ್ಸೈಡ್ ಸಿಕ್ಕಿಕೊಂಡಿರುತ್ತದೆ. ನೀರು ಬಿದ್ದೊಡನೆ ಅದು ಹೊರಗೆ ನುಗ್ಗುತ್ತದೆ. ಪುಡಿ ಮೆಲ್ಲಗೆ ಉಬ್ಬಿತು, ನಡುವೆ ಬಿರುಕು ಬಿಟ್ಟಿತು, ಬಿರುಕಿನ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳೆದ್ದು ಒಡೆದವು. ಮೂವತ್ತು ನಲವತ್ತು ಸೆಕೆಂಡು ಕಾದು, ಆ ಗಾಳಿ ಹೋದ ಮೇಲೆ, ಉಳಿದ ನೀರನ್ನು ಸುತ್ತಿ ಸುತ್ತಿ ಸಣ್ಣ ಧಾರೆಯಲ್ಲಿ ಬಿಡಬೇಕು. ಅವಸರ ಮಾಡಿದರೆ ನೀರು ಸಮನಾಗಿ ಇಳಿಯುವುದಿಲ್ಲ, ತಡಮಾಡಿದರೆ ಪುಡಿ ಆರಿ ಹೋಗುತ್ತದೆ.

ಸರಿಯಾಗಿ ಆ ಹೊತ್ತಿಗೆ ಮಹಾಶಯರೊಬ್ಬರು ಬಂದರು. ಹಿಂದೆ ಇಬ್ಬರು ತಲೆಯಾಡಿಸುವವರು. ಹಲಗೆಯ ಮೇಲಿನ ಬೆಲೆ ಓದಿ, ಬೀದಿಗೆ ಕೇಳುವಂತೆ, ‘ಏನೋ ತಮ್ಮಾ, ಈ ಕಪ್ಪು ನೀರಿಗೆ 180 ರೂಪಾಯಿಯೇ? ಬಂಗಾರ ಅರೆದು ಹಾಕಿದ್ದೀಯಾ?’ ಎಂದರು.

ಹುಡುಗ ಕೆಟಲ್ ಕೆಳಗಿಟ್ಟು, ಪಾಪ, ವಿವರಿಸತೊಡಗಿದ. ಯಾವ ತೋಟ, ಯಾವ ತಳಿ, ಹೇಗೆ ಒಣಗಿಸಿದ್ದು. ಅವರು ಕೇಳುವುದಕ್ಕೆ ಬಂದಿರಲಿಲ್ಲ. ಮಾತು ಮುಗಿಯುವ ಹೊತ್ತಿಗೆ ಎರಡು ನಿಮಿಷ ದಾಟಿತ್ತು. ಅವನು ಡ್ರಿಪ್ಪರ್‌ನೊಳಗೆ ಒಮ್ಮೆ ಇಣುಕಿ ನೋಡಿ, ಕಾಗದವನ್ನು ಪುಡಿಸಮೇತ ಎತ್ತಿ ಬುಟ್ಟಿಗೆ ಹಾಕಿದ. ‘ಇನ್ನೊಮ್ಮೆ ಮಾಡುತ್ತೇನೆ ಮೇಡಂ, ಇದು ಕೆಟ್ಟಿತು’ ಎಂದು ಮತ್ತೆ 15 ಗ್ರಾಂ ತೂಗಿದ.

‘ಚೆಲ್ಲುವಷ್ಟು ಗಳಿಸಿದ್ದಾನೆ ನೋಡಿರಿ!’ ಎಂದು ಮೂವರೂ ನಕ್ಕರು.

ಆಮೇಲೆ ತರಿಸಿಕೊಂಡದ್ದು ಏನು ಗೊತ್ತೇ? ಐಸ್‌ಕ್ರೀಂ ಹಾಕಿದ ಕೋಲ್ಡ್ ಕಾಫಿ. ಒಂದಕ್ಕೆ 220 ರೂಪಾಯಿ. ‘ಸಕ್ಕರೆ ಸ್ವಲ್ಪ ಜಾಸ್ತಿ ಇರಲಿ.’ ಮೂವತ್ತು ವರ್ಷ ಲೆಕ್ಕ ಬರೆದವಳು ನಾನು. 180 ದುಬಾರಿಯಾಗಿ 220 ಅಗ್ಗವಾಗುವ ಗಣಿತವನ್ನು ನನಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ.

ನನ್ನ ಸಿಟ್ಟು ದುಡ್ಡಿನದಲ್ಲ ಮಾರಾಯರೇ. ಆ ಮನುಷ್ಯ ಒಂದು ಗುಟುಕೂ ಕುಡಿದಿರಲಿಲ್ಲ! ಕುಡಿದು, ಬಾಯಿ ಸೊಟ್ಟ ಮಾಡಿ, ‘ಥೂ’ ಎಂದಿದ್ದರೆ ನಾನು ಸುಮ್ಮನಿರುತ್ತಿದ್ದೆ.

ಇದೇ ನಮ್ಮ ಜನ ಸಂತೆಯಲ್ಲಿ ನಾಲ್ಕು ಕಾಳು ಬಾಯಿಗೆ ಹಾಕಿ ಕಡಿದು ನೋಡದೆ ಜೋಳ ಕೊಳ್ಳುವುದಿಲ್ಲ. ನಮ್ಮ ಅವ್ವ ರೊಟ್ಟಿಯ ಮೊದಲ ತುತ್ತಿಗೇ ‘ಹಳೆಯ ಹಿಟ್ಟು, ಜಿಗಿ ಇಲ್ಲ’ ಎಂದು ತಟ್ಟೆ ಸರಿಸುತ್ತಿದ್ದಳು. ಲೈನ್ ಬಜಾರಿನ ಪೇಢೆಗೆ ಸರದಿಯಲ್ಲಿ ನಿಂತು, ಖವಾ ಎಷ್ಟು ಹದವಾಗಿ ಹುರಿದಿದೆ ಎಂದು ಬಣ್ಣ ನೋಡಿ ಹೇಳುವ ಊರು ಇದು. ಇಂಥ ನಾಲಗೆ ಕಾಫಿ ಅಂಗಡಿಯ ಹೊಸ್ತಿಲು ದಾಟಿದೊಡನೆ ಎಲ್ಲಿಗೆ ಹೋಗುತ್ತದೆ?

ನಾನು ಮೂಡಿಗೆರೆ ಶಾಖೆಯಲ್ಲಿ ನಾಲ್ಕು ವರ್ಷ ಇದ್ದದ್ದು ನಿಮಗೆಲ್ಲ ಗೊತ್ತಿದೆ. ಸಾಲದ ಕಡತ ಹಿಡಿದು ತೋಟ ತೋಟ ತಿರುಗಿದವಳು. ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಇಡೀ ಗುಡ್ಡ ಬೆಳ್ಳಗಾಗಿ ಮಲ್ಲಿಗೆಯಂತೆ ಘಮ್ಮೆನ್ನುವುದನ್ನು ಕಂಡಿದ್ದೇನೆ. ಅಚ್ಚುಕಟ್ಟಿನ ತೋಟಗಳಲ್ಲಿ ಕೆಂಪು ಹಣ್ಣನ್ನಷ್ಟೇ ಬಿಡಿಸಿ, ಉಳಿದದ್ದು ಹಣ್ಣಾದ ಹಾಗೆ ಅದೇ ಗಿಡಕ್ಕೆ ಮೂರು ನಾಲ್ಕು ಸಲ ಬರುತ್ತಾರೆ. ಕೊಯ್ದ ದಿನವೇ ಸಿಪ್ಪೆ ಸುಲಿಯುವ ಪಲ್ಪರ್‌ಗೆ ಹಾಕಬೇಕು, ಕಣದಲ್ಲಿ ಹರವಿ ಕೈಯಾಡಿಸುತ್ತಲೇ ಇರಬೇಕು. ಸುಮಾರು ಆರು ಕಿಲೋ ಹಣ್ಣು ಸೇರಿದರೆ ಒಂದು ಕಿಲೋ ಬೀಜ. ಇಷ್ಟೆಲ್ಲ ಮಾಡಿದವನ ಹೆಸರು ಕುಡಿಯುವವರಿಗೆ ತಿಳಿಯುತ್ತಿರಲಿಲ್ಲ. 1942ರ ಕಾಯ್ದೆಯ ಪ್ರಕಾರ ಬೆಳೆಯನ್ನು ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಿತ್ತು; ಮಂಡಳಿಯೇ ಎಲ್ಲರದನ್ನೂ ಸೇರಿಸಿ ಮಾರುತ್ತಿತ್ತು. ಶ್ರದ್ಧೆಯಿಂದ ಬೆಳೆದವನದೂ ಉದಾಸೀನದವನದೂ ಕೊನೆಗೆ ಒಂದೇ ರಾಶಿ. 1990ರ ದಶಕದಲ್ಲಿ ಆ ಕಟ್ಟು ಹಂತಹಂತವಾಗಿ ಸಡಿಲವಾಯಿತು. ಈಗ ನಮ್ಮ ಹುಡುಗನ ಪೊಟ್ಟಣದ ಮೇಲೆ ತೋಟದ ಹೆಸರಿದೆ, ತಳಿಯ ಹೆಸರಿದೆ, ಹುರಿದ ತಾರೀಖನ್ನು ಪೆನ್ನಿನಲ್ಲಿ ಬರೆದಿದ್ದಾನೆ. ನಿನ್ನೆಯದು ಎಸ್.795, ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ಕೊಟ್ಟ ಹಳೆಯ ಅರೇಬಿಕಾ ತಳಿ, ಮೂಡಿಗೆರೆ ಕಡೆಯ ತೋಟದ್ದು.

ಕೆಲವರು ಹೇಳುತ್ತೀರಿ, ಹತ್ತು ರೂಪಾಯಿಯ ಚಹಾದಲ್ಲಿ ಇರುವ ಸುಖ ಇದರಲ್ಲಿ ಇಲ್ಲ ಎಂದು. ಇರಲಿ, ನಾನೂ ದಿನಕ್ಕೆ ಮೂರು ಸಲ ಚಹಾ ಕುಡಿಯುವವಳೇ. ಪಿಂಚಣಿಯಲ್ಲಿ ವಾರಕ್ಕೊಂದು 180 ರೂಪಾಯಿಯ ಕಪ್ಪು ನನಗೂ ಸ್ವಲ್ಪ ಭಾರವೇ. ಹಲಗೆಯ ಮೇಲೆ ಅವನು ‘ಬ್ಲೂಬೆರಿ ರುಚಿ’ ಎಂದು ಬರೆದದ್ದು ನನಗೂ ಹಿಡಿಸಲಿಲ್ಲ. ಧಾರವಾಡದಲ್ಲಿ ಬ್ಲೂಬೆರಿ ತಿಂದವರು ಎಷ್ಟು ಜನ, ನೇರಳೆ ಎಂದು ಬರೆಯಬಾರದೇ ಎಂದು ಬೈದೆ. ಬೆಂಗಳೂರಿನ ಗೆಳತಿಯೊಬ್ಬಳು ‘ನಮ್ಮ ಫಿಲ್ಟರ್ ಕಾಫಿಯ ಮುಂದೆ ಇದೆಲ್ಲ ನೀರು’ ಎನ್ನುತ್ತಾಳೆ. ನೂರು ಗ್ರಾಂ ಮಿಶ್ರಣದಲ್ಲಿ 49 ಗ್ರಾಂವರೆಗೆ ಚಿಕೋರಿ ಬೆರೆಸಲು ಕಾನೂನೇ ಒಪ್ಪುತ್ತದೆ ತಾಯಿ, ಅದು ಒಂದು ಗಿಡದ ಬೇರಿನ ಪುಡಿ. ಇಷ್ಟಾದರೂ ಅವಳು ಕುಡಿದು ಹೇಳುತ್ತಾಳೆ. ಈ ಮಹಾಶಯರು?

ಒಂದು ವಿಷಯ ಹೇಳದೆ ಮುಚ್ಚಿಟ್ಟುಕೊಂಡಿದ್ದೆ. ಮೂಡಿಗೆರೆಯ ಆ ನಾಲ್ಕು ವರ್ಷ ಯಾವ ತೋಟಕ್ಕೆ ಹೋದರೂ ಕಾಫಿ ಮುಂದಿಡುತ್ತಿದ್ದರು. ‘ನಾವು ಧಾರವಾಡದವರು, ಚಹಾ ಇದ್ದರೆ ಕೊಡಿ’ ಎನ್ನುತ್ತಿದ್ದೆ, ಅದೊಂದು ಹೆಚ್ಚುಗಾರಿಕೆ ಎಂಬಂತೆ. ವರ್ಗವಾದ ದಿನ ನಾಲ್ಕು ಎಕರೆಯ ಬೆಳೆಗಾರರೊಬ್ಬರು ಬ್ಯಾಂಕಿಗೇ ಬಂದು ಕಾಗದದ ಪೊಟ್ಟಣವೊಂದನ್ನು ಕೈಗಿಟ್ಟರು. ‘ಮನೆಗೆಂದು ಆರಿಸಿ ಇಟ್ಟುಕೊಂಡದ್ದು ಮೇಡಂ, ನಾವೇ ಹುರಿದದ್ದು.’ ಊರಿಗೆ ತಂದು ಅಡುಗೆಮನೆಯ ಮೇಲಿನ ಮಾಡದಲ್ಲಿ ಇಟ್ಟೆ. ಎರಡು ವರ್ಷದ ನಂತರ ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಸಿಕ್ಕಿತು. ದಾರವನ್ನು ಬಿಚ್ಚಿಯೇ ಇರಲಿಲ್ಲ. ಹಾಗೆಯೇ ಹೊರಗೆ ಎಸೆದೆ.

ಎರಡನೇ ಸಲ ಮಾಡಿದ ಕಾಫಿಯನ್ನು ನಿನ್ನೆ ಹುಡುಗನೇ ಮೇಜಿಗೆ ತಂದುಕೊಟ್ಟ. ಸುಡುವಾಗ ಏನೂ ಗೊತ್ತಾಗಲಿಲ್ಲ. ಸ್ವಲ್ಪ ಆರಿದ ಮೇಲೆ ಹುಣಸೆಯ ಎಳೆ ಹುಳಿ, ಹಿಂದೆಯೇ ಬೆಲ್ಲದ ಪಾಕದ ವಾಸನೆ. ಬಹಳ ಹೊತ್ತು ಕುಳಿತಿದ್ದೆ. ಬಿಲ್ಲಿನಲ್ಲಿ ಒಂದೇ ಕಪ್ಪು ಹಾಕಿದ್ದ. ಎರಡರದ್ದು ಕೊಡುತ್ತೇನೆ ಎಂದರೆ ಒಪ್ಪಲಿಲ್ಲ. ಅದಕ್ಕೆ ಕಾಲು ಕಿಲೋ ಪೊಟ್ಟಣ ಕೊಂಡು ತಂದೆ.

ಇದನ್ನು ಬರೆಯುತ್ತಿರುವಾಗ ನಮ್ಮ ಮನೆಯವರು ಪೊಟ್ಟಣ ಬಿಚ್ಚಿ ಮೂಸಿ ನೋಡಿ, ‘ಭಾರೀ ವಾಸನೆ ಇದೆ’ ಎಂದು ಮೆಚ್ಚಿದರು. ಈಗ ಒಳಗೆ ಹಾಲು ಕಾಯಲು ಇಟ್ಟ ಸದ್ದು ಕೇಳುತ್ತಿದೆ. ಎದ್ದು ಹೋಗಬೇಕು.