ದನಿ ತಗ್ಗಿಸಿದ ಸೊಸೆ

ವಯಸ್ಸಾದವರ ಆರೈಕೆ ಇವರಿಗೆ ಚೆನ್ನಾಗಿ ಗೊತ್ತು ಅಂತ ನರ್ಸ್‌ಗಳಿಗೆ ಸರ್ಟಿಫಿಕೇಟ್ ಕೊಡುವ ಸಂಸ್ಥೆಯೊಂದು ಅಮೆರಿಕದಲ್ಲಿದೆ. ಅದರ ಪರೀಕ್ಷೆಗೆ ನಾನು ಓದುತ್ತಿದ್ದೇನೆ. 3 ಗಂಟೆ, 150 ಪ್ರಶ್ನೆ. ಅದರಲ್ಲಿ 25 ಪ್ರಶ್ನೆಗೆ ಅಂಕವೇ ಇಲ್ಲ. ಮುಂದಿನ ಪರೀಕ್ಷೆಗಳಿಗೆ ಆಗುತ್ತವೋ ಇಲ್ಲವೋ ಅಂತ ಸುಮ್ನೆ ಹಾಕಿ ನೋಡುತ್ತಾರೆ. ಆ 25 ಯಾವುವು ಅಂತ ಮಾತ್ರ ಹೇಳೋದಿಲ್ಲ. ನನಗೇನೂ ಆಶ್ಚರ್ಯವಾಗಲಿಲ್ಲ. ರಾಯಚೂರಿಗೆ ಸೊಸೆಯಾಗಿ ಬಂದ ಮೇಲೆ ಯಾವ ಕೆಲಸಕ್ಕೆ ಅಂಕ ಇದೆ, ಯಾವುದಕ್ಕೆ ಇಲ್ಲ ಅಂತ ನನಗೂ ಯಾರೂ ಹೇಳಿಲ್ಲ.

ಅರ್ಜಿ ಹಾಕೋಕೆ ಹಿಂದಿನ 3 ವರ್ಷದಲ್ಲಿ 2,000 ಗಂಟೆ ಹಿರಿಯರ ಆರೈಕೆ ಮಾಡಿರಬೇಕು. ನರ್ಸ್ ಡ್ಯೂಟಿಯ ಲೆಕ್ಕ ಮಾತ್ರ ಹಿಡಿಯುತ್ತಾರೆ. ಮನೆಯ ಲೆಕ್ಕವನ್ನೂ ಹಿಡಿಯುವಂತಿದ್ದರೆ ನಮ್ಮ ಓಣಿಯ ಅರ್ಧ ಹೆಂಗಸರು ಇಷ್ಟೊತ್ತಿಗೆ ಅರ್ಜಿ ಹಾಕಿರುತ್ತಿದ್ದರು.

ಪುಸ್ತಕದಲ್ಲಿ ಬರುವ ಅಜ್ಜಿಗೆ 82 ವರ್ಷ. ಒಬ್ಬಳೇ ಇರುತ್ತಾಳೆ, ಜೊತೆಗೊಂದು ಬೆಕ್ಕು. ನೆಲದ ಮೇಲೆ ಜಾರುವ ಸಣ್ಣ ಕಾರ್ಪೆಟ್. ಅಜ್ಜಿ ಬೀಳದಂತೆ ಮೊದಲು ಏನು ಮಾಡುತ್ತೀರಿ? ಕಾರ್ಪೆಟ್ ತೆಗೆಯಿರಿ. ಅಂಕ ಸಿಕ್ಕಿತು. ನಮ್ಮ ಮನೆಯಲ್ಲಿ ಕಾರ್ಪೆಟ್ ಇಲ್ಲ, ಎಲ್ಲರೂ ಎಡವೋದು ಹೊಸ್ತಿಲಿಗೆ. ಅದಕ್ಕೆ ಶುಕ್ರವಾರ ಶುಕ್ರವಾರ ಅತ್ತೆ ಅರಿಸಿನ ಕುಂಕುಮ ಹಚ್ಚುತ್ತಾರೆ. "ಹೊಸ್ತಿಲು ತೆಗೆಸಿದರೆ ಒಳ್ಳೇದು" ಅಂತ ಪುಸ್ತಕ ನೋಡಿಕೊಂಡೇ ಅಂದೆ. ಅತ್ತೆ ನನ್ನನ್ನೇ ತೆಗೆಸುವವರಂತೆ ನೋಡಿದರು.

ನಡಿಗೆಯದ್ದೊಂದು ಟೆಸ್ಟ್ ಇದೆ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. 12 ಸೆಕೆಂಡಾದರೂ ಹಿಡಿದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ. ಅತ್ತೆಯನ್ನು ಕೂರಿಸಿ ಮೊಬೈಲಲ್ಲಿ ಸ್ಟಾಪ್‌ವಾಚ್ ಒತ್ತಿದೆ. ಎದ್ದರು. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಹೊರಗೆ ತರಕಾರಿ ಗಾಡಿಯವನ ಕೂಗು. ಅತ್ತೆ ತಿರುಗಲಿಲ್ಲ, ನೆಟ್ಟಗೆ ಗೇಟಿಗೆ ಹೋದರು. ಬದನೆಕಾಯಿ ಹುಳುಕು ಅಂತ ಒಂದು ಸುತ್ತು ಜಗಳ, ರೇಟು ಜಾಸ್ತಿ ಅಂತ ಇನ್ನೊಂದು ಸುತ್ತು. ಸ್ಟಾಪ್‌ವಾಚ್ ಪಾಪ ಓಡುತ್ತಲೇ ಇತ್ತು. ಪುಸ್ತಕದ ಪ್ರಕಾರ ಅವರಿಗೆ ತಕ್ಷಣ ವಾಕರ್ ಕೊಡಿಸಬೇಕಿತ್ತು. ಅವರು ಒಂದು ಸೆರಗಿನ ತುಂಬಾ ಬದನೆಕಾಯಿ ತುಂಬಿಕೊಂಡು, ಹೊಸ್ತಿಲು ದಾಟಿ ಬಂದು ಕೂತರು. "ಆತೇನವಾ ನಿನ್ನ ಪರೀಕ್ಷೆ?" ಅಂದರು.

ಮಾವನದ್ದು ಬಿಪಿ. ಮೊದಲು 5 ನಿಮಿಷ ಮಲಗಿಸಿ ನೋಡಬೇಕು, ಆಮೇಲೆ ಎದ್ದು ನಿಂತ 1 ನಿಮಿಷಕ್ಕೆ, 3 ನಿಮಿಷಕ್ಕೆ ಮತ್ತೆ ನೋಡಬೇಕು. ಮೇಲಿನ ಅಂಕಿ 20 ಇಳಿದರೆ, ಅಥವಾ ಕೆಳಗಿನದು 10 ಇಳಿದರೆ, ಎದ್ದಾಗ ತಲೆ ತಿರುಗಿ ಬೀಳಬಹುದು. ಆದರೆ ಜೋಳದ ರೊಟ್ಟಿ ಉಂಡು, ಕೂಲರ್ ಮುಂದೆ ಮಲಗಿದ ಮಾವನನ್ನು 5 ನಿಮಿಷಕ್ಕೆ ಎಬ್ಬಿಸೋ ವಿಧಾನ ಆ ಪುಸ್ತಕದಲ್ಲಿಲ್ಲ. ಮಲಗಿದಾಗಿನ ಬಿಪಿ ನನ್ನ ಹತ್ತಿರ ಬೇಕಾದಷ್ಟಿದೆ. ನಿಂತಾಗಿನದು ಒಂದೂ ಇಲ್ಲ.

ಮನಸ್ಸಿನ ಬೇಸರ ಅಳೆಯೋಕೆ 15 ಪ್ರಶ್ನೆ. ಉತ್ತರ ಹೌದು ಅಥವಾ ಇಲ್ಲ. ಬೇಸರ ತೋರಿಸುವ ಪ್ರತಿ ಉತ್ತರಕ್ಕೆ ಒಂದು ಅಂಕ, 5 ದಾಟಿದರೆ ಡಾಕ್ಟರಿಗೆ ತೋರಿಸಬೇಕು. ಅತ್ತೆಗೆ ನಾನು ಕೇಳಿದ್ದು ಮೇ ತಿಂಗಳಲ್ಲಿ.

"ಹೊರಗೆ ಹೋಗಿ ಹೊಸದೇನಾದರೂ ಮಾಡೋದಕ್ಕಿಂತ ಮನೆಯಲ್ಲೇ ಇರೋದು ಇಷ್ಟಾನಾ?"

"ಈ ಬಿಸಲಾಗ ಹೊರಗ ಹೋಗಾಕ ನನಗೇನ್ ಹುಚ್ಚೇನವಾ?" ಒಂದು ಅಂಕ.

"ಬಹಳ ಮಂದಿ ನಿಮಗಿಂತ ಚೆನ್ನಾಗಿದ್ದಾರೆ ಅನ್ನಿಸುತ್ತಾ?"

"ಎದುರು ಮನಿಯವ್ರು ಏಸಿ ಹಾಕ್ಸ್ಯಾರ." ಇನ್ನೊಂದು.

"ಮೈಯಲ್ಲಿ ಹುಮ್ಮಸ್ಸು ಇದೆಯಾ?"

"ಕರೆಂಟ್ ಇದ್ದಾಗ ಇರ್ತದ."

ಕರೆಂಟ್ ಇದ್ದಾಗ ಅನ್ನೋದಕ್ಕೆ ಅಲ್ಲಿ ಕಾಲಂ ಇಲ್ಲ. ಆ ಪ್ರಶ್ನೆಗಳನ್ನು ನಾನು ದೂರೋದಿಲ್ಲ. ವಾರ್ಡಿನಲ್ಲಿ ಗೋಡೆ ನೋಡಿಕೊಂಡು ಮಲಗಿದವರು ಇದೇ ಪ್ರಶ್ನೆಗೆ ಬಾಯಿ ಬಿಟ್ಟಿದ್ದನ್ನು ಕಂಡಿದ್ದೇನೆ. ಆದರೆ 40 ಡಿಗ್ರಿ ದಾಟಿದ ಮಧ್ಯಾಹ್ನ ಕೇಳಿದರೆ ನಮ್ಮ ಇಡೀ ಓಣಿಯೇ ಡಾಕ್ಟರ ಹತ್ತಿರ ಹೋಗಬೇಕಾಗುತ್ತದೆ. ಹುಡುಗರೂ ಸೇರಿ.

ಇನ್ನು ಕಿವಿಯ ಪಾಠ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳೋದು ಎತ್ತರದ, ಕೀರಲು ದನಿಯನ್ನಂತೆ. ಅಂದರೆ ಹೆಂಗಸರ ದನಿ, ಮಕ್ಕಳ ದನಿ. ಗಂಡಸರ ದಪ್ಪ ದನಿ ಅದಕ್ಕಿಂತ ಚೆನ್ನಾಗಿ ಕೇಳುತ್ತದೆ. ನಾನು ಎದುರಿಗೇ ನಿಂತು "ಅತ್ತೀ, ಊಟಕ್ಕ ಬರ್ರಿ" ಅಂತ ಎಷ್ಟು ಕರೆದರೂ ಕೇಳದ ಅತ್ತೆಗೆ, ನನ್ನ ಗಂಡ ಬಚ್ಚಲಮನೆಯಿಂದ "ಅವ್ವಾ" ಅಂದರೆ ಸಾಕು, ಕೇಳುತ್ತದೆ. ಇದನ್ನು ಇಷ್ಟು ವರ್ಷ ನಾನು ಸಂಸಾರದ ರಾಜಕೀಯ ಅಂದುಕೊಂಡಿದ್ದೆ. ಪುಸ್ತಕ ಆ ತಪ್ಪನ್ನೆಲ್ಲ ಒಳಗಿವಿಯ ಜೀವಕೋಶಗಳ ಮೇಲೆ ಹಾಕಿತು. ಪೂರ್ತಿ ನಂಬಿಕೆ ಈಗಲೂ ಬಂದಿಲ್ಲ.

ಕೂಗಬಾರದು, ಕೂಗಿದರೆ ದನಿ ಇನ್ನೂ ಮೇಲೇರುತ್ತದೆ. ಎದುರು ನಿಂತು, ನಿಧಾನವಾಗಿ, ದನಿ ತಗ್ಗಿಸಿ, ಅಂದರೆ ದಪ್ಪ ಮಾಡಿ, ಮಾತಾಡಿ ಅಂತ ಬರೆದಿತ್ತು. ಪ್ರಾಕ್ಟೀಸ್ ಶುರು ಮಾಡಿದೆ. ಹೊಟ್ಟೆಯಿಂದ ದನಿ ತೆಗೆದೆ. ಪಕ್ಕದ ಮನೆಯವರು ಗಂಟಲಿಗೇನಾಯ್ತು ಅಂತ ಕೇಳಿದರು. ಅತ್ತೆ ಶುಂಠಿ, ಮೆಣಸು ಕುದಿಸಿ ಕಷಾಯ ಕುಡಿಸಿದರು. ತವರಿಗೆ ಫೋನ್ ಮಾಡಿದರೆ ಅಮ್ಮ "ಅಳಿಯಂದ್ರ, ಆರಾಮ ಅದೀರೇನ್ರಿ?" ಅಂದರು. ನನ್ನ ಗಂಡ ಮಾತ್ರ ನಾನು ಭಯಂಕರ ಸಿಟ್ಟಿನಲ್ಲಿದ್ದೇನೆ ಅಂತ ತಿಳಿದು, ಉಂಡ ತಟ್ಟೆ ತಾವೇ ತೊಳೆದಿಡಲು ಶುರು ಮಾಡಿದರು. ಅದು ಸಿಟ್ಟಲ್ಲ, ಸಿಲೆಬಸ್ ಅಂತ ತಿಳಿಸಿ ಹೇಳುವ ಅವಸರ ನನಗೇನೂ ಇರಲಿಲ್ಲ.

ಅತ್ತೆಗಂತೂ ಈಗ ಕರೆದರೆ ಒಂದೇ ಸಲಕ್ಕೆ ಕೇಳುತ್ತದೆ. ನನಗೂ ಅದೇ ದನಿ ರೂಢಿಯಾಗಿಬಿಟ್ಟಿದೆ. ಮೊನ್ನೆ ಸಂಜೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯೋದು ಮುಗಿಸಿ ಅಕ್ಕನ ಜೊತೆ ಫೋನಿನಲ್ಲಿ ಹರಟುತ್ತಿದ್ದೆ. ಮೊದಲಿನಿಂದಲೂ ಅಲ್ಲಿ ನಿಂತು ಏನು ಮಾತಾಡಿದರೂ ಪಡಸಾಲೆಗೆ ಕೇಳೋದಿಲ್ಲ ಅನ್ನೋ ಧೈರ್ಯ ನನ್ನದು. "ದಿನಾ ಮೊಣಕಾಲು ನೋವು ಅಂತಾರ, ದೇವಸೂಗೂರು ಜಾತ್ರಿ ಅಂದ್ರ ಸಾಕು, ನಮಗಿಂತ ಮುಂದ ಓಡ್ತಾರ" ಅಂದೆ.

ಪಡಸಾಲೆಯಿಂದ ಅತ್ತೆಯ ದನಿ ಬಂತು.

"ಓಡಂಗಿಲ್ಲವಾ, ನಡೀತೀನಿ. ನಿಮ್ಮಕ್ಕಗ ಸರಿಯಾಗಿ ಹೇಳು."