ಸ್ವಲ್ಪ ಕಸ ಇದ್ರೆ ಕೊಡಿ, ಹೊಸದೇ ಆಗ್ಬೇಕು

ಮಂಗಳವಾರ ರಾತ್ರಿ ಒಂಬತ್ತೂಕಾಲಿಗೆ ಮಗಳ ಶಾಲೆಯಿಂದ ಮೆಸೇಜ್ ಬಂತು. ಶಾಲೆಯ ಮೆಸೇಜುಗಳು ಬರುವುದೇ ಅಂಗಡಿಗಳು ಬಾಗಿಲು ಹಾಕುವ ಹೊತ್ತಿಗೆ, ಅದೇನು ಮುಹೂರ್ತ ನೋಡಿ ಇಟ್ಟಿದ್ದಾರೋ. ‘ಶುಕ್ರವಾರ ಮೂರನೇ ಕ್ಲಾಸಿನ ಮಕ್ಕಳಿಗೆ ಕಸದಿಂದ ರಸ ಫ್ಯಾಷನ್ ಶೋ. ಮನೆಯಲ್ಲಿರುವ ಬೇಡದ ವಸ್ತುಗಳಿಂದಲೇ ಡ್ರೆಸ್ ಮಾಡಬೇಕು. ಮಕ್ಕಳೇ ಮಾಡಬೇಕು. ನೀಟಾಗಿರಬೇಕು.’ ಈ ಕೊನೆಯ ಎರಡು ಮಾತು ಒಂದೇ ಮನೆಯಲ್ಲಿ ಬಾಳುವಂಥವಲ್ಲ ಅಂತ ಎಂಟು ವರ್ಷದ ಮಕ್ಕಳಿರುವ ಎಲ್ಲರಿಗೂ ಗೊತ್ತು.

ಐದೇ ನಿಮಿಷ. ಪೇರೆಂಟ್ಸ್ ಗ್ರೂಪಿನಲ್ಲಿ ಗಲಾಟೆ ಶುರುವಾಯಿತು. ‘ಒಳ್ಳೆ ಕ್ವಾಲಿಟಿ ವೇಸ್ಟ್ ಎಲ್ಲಿ ಸಿಗುತ್ತೆ?’ ಅಂತ ಒಬ್ಬರು ಕೇಳಿದರು. ಬೆಂಗಳೂರಿನಲ್ಲಿ ಕೂತು ಕಸ ಎಲ್ಲಿ ಸಿಗುತ್ತೆ ಅಂತ ಕೇಳುವುದಕ್ಕೂ ಒಂದು ಧೈರ್ಯ ಬೇಕು. ನಮ್ಮ ಗೇಟಿನಿಂದ ಎಡಕ್ಕೆ ತಿರುಗಿದರೆ ಟ್ರಾನ್ಸ್‌ಫಾರ್ಮರ್ ಕೆಳಗೆ ಇಡೀ ಶಾಲೆಗೆ ಆಗಿ ಮಿಗುವಷ್ಟು ಬಿದ್ದಿದೆ. ಆದರೆ ಅದು ಆ ಜಾತಿಯ ಕಸ ಅಲ್ಲ. ಶಾಲೆಗೆ ಬೇಕಾದದ್ದು ಫೋಟೋದಲ್ಲಿ ಚೆನ್ನಾಗಿ ಬರುವ, ವಾಸನೆ ಇಲ್ಲದ, ಯಾರೂ ಇನ್ನೂ ಮುಟ್ಟದ ಕಸ. ಇನ್ನೊಬ್ಬರು ಲಿಂಕ್ ಹಾಕಿದರು: ಐಸ್‌ಕ್ರೀಮ್ ಕಡ್ಡಿ, ನೂರರ ಪ್ಯಾಕು, ಹತ್ತು ನಿಮಿಷದಲ್ಲಿ ಮನೆ ಬಾಗಿಲಿಗೆ. ಯಾರೂ ತಿನ್ನದ ಐಸ್‌ಕ್ರೀಮಿನ ಕಡ್ಡಿಗಳು. ಎಂಟು ಜನ ಥ್ಯಾಂಕ್ಸ್ ಹೇಳಿದರು.

ಇದನ್ನೆಲ್ಲ ಕೇಳುತ್ತಾ ಕೂತಿದ್ದ ಅಮ್ಮ ‘ಅದೇನು ಮಾರಾಯ, ಹಳೆ ಸಾಮಾನಲ್ಲಿ ಬಟ್ಟೆ ಅಂದ್ರೆ?’ ಅಂದಳು. ಅಮ್ಮ ತೀರ್ಥಹಳ್ಳಿ ಕಡೆಯವಳು. ಎದ್ದು ಅಡುಗೆಮನೆಗೆ ಹೋಗಿ, ಈರುಳ್ಳಿ ಇಟ್ಟಿದ್ದ ಗೋಣಿಚೀಲ ಖಾಲಿ ಮಾಡಿ ತಂದಳು. ಎರಡು ಸಲ ಕೊಡವಿ, ತಳದ ಒಂದು ಮೂಲೆಯನ್ನು ಒಳಕ್ಕೆ ಒತ್ತಿ ಇನ್ನೊಂದು ಮೂಲೆಯೊಳಗೆ ಕೂರಿಸಿದಳು. ಕೊಪ್ಪೆ ರೆಡಿ. ಹಾಕಿಕೊಂಡರೆ ತಲೆಗೆ ಟೋಪಿ, ಬೆನ್ನಿಗೆ ಕೋಟು. ಕತ್ತರಿ ಇಲ್ಲ, ಸೂಜಿ ಇಲ್ಲ, ಗಮ್ಮೂ ಇಲ್ಲ. ಆಗಿದ್ದು ಹತ್ತು ಸೆಕೆಂಡು, ಅದರಲ್ಲೂ ಅರ್ಧ ಈರುಳ್ಳಿ ಸಿಪ್ಪೆ ಉದುರಿಸುವುದಕ್ಕೇ ಹೋಯಿತು. ಮಲೆನಾಡಿನ ಮಳೆಯಲ್ಲಿ ಸಸಿ ನೆಡುವವರು, ದನ ಕಾಯುವವರು ಇದನ್ನೇ ಹಾಕಿಕೊಂಡು ತಿಂಗಳುಗಟ್ಟಲೆ ಕಳೆದಿದ್ದಾರೆ. ಅಡಿಕೆ ಹಾಳೆಯಲ್ಲಿ ಟೋಪಿ, ಹಳೆ ಸೀರೆಯಲ್ಲಿ ಕೌದಿ, ಹರಿದ ಪಂಚೆಯಲ್ಲಿ ಮಗುವಿನ ಲಂಗೋಟಿ, ಇದಕ್ಕೆಲ್ಲ ಯಾರೂ ರಸ ಅಂತ ಹೆಸರಿಟ್ಟಿರಲಿಲ್ಲ, ಬಡತನ ಅಂತಿದ್ದರು.

ಮಗಳು ಕೊಪ್ಪೆ ಹಾಕಿಕೊಂಡು ಹಾಲ್ ತುಂಬಾ ಓಡಾಡಿದಳು. ‘ಅಪ್ಪಾ, ಇದೇ ಸಾಕು’ ಅಂದಳು.

ನಾನು ಬೇಡ ಅಂದೆ. ಸುಳ್ಳು ಯಾಕೆ ಹೇಳಲಿ, ಮರ್ಯಾದೆ ಪ್ರಶ್ನೆ. ಗ್ರೂಪಿನಲ್ಲಿ ಆಗಲೇ ಒಬ್ಬರು ‘ನಮ್ದು ನವಿಲು, ಟೈಲರಿಗೆ ಕೊಟ್ಟಾಯ್ತು’ ಅಂತ ಹಾಕಿದ್ದರು. ನವಿಲಿನ ಎದುರು ಈರುಳ್ಳಿ ಚೀಲ ನಿಲ್ಲಿಸುವುದು ಹೇಗೆ? ಅದೂ ಅಲ್ಲದೆ ಕೊಪ್ಪೆಗೆ ಕಾನ್ಸೆಪ್ಟ್ ಇಲ್ಲ. ಮಳೆ ಬಂದರೆ ನೆನೆಯುವುದಿಲ್ಲ, ಅಷ್ಟೇ. ಅದು ಕಾನ್ಸೆಪ್ಟ್ ಆಗುತ್ತಾ?

ಬುಧವಾರ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಹೊರಟೆ. ಸ್ಟೇಷನರಿ ಅಂಗಡಿಯವನು ನನ್ನ ಮುಖ ನೋಡಿದವನೇ, ‘ಕಸದಿಂದ ರಸಾನಾ? ಎಷ್ಟನೇ ಕ್ಲಾಸು?’ ಅಂದ, ಜ್ವರ ಎಷ್ಟು ದಿನದಿಂದ ಅಂತ ಡಾಕ್ಟರು ಕೇಳುವ ಹಾಗೆ. ಕಿಟ್ಟು ಇದೆಯಂತೆ. ಬಾಟಲಿ ಮುಚ್ಚಳ ಐವತ್ತು, ಬಣ್ಣದ ಸ್ಟ್ರಾ, ಬಬಲ್ ಶೀಟು, ಹೊಳೆಯುವ ರಟ್ಟು, ಎಲ್ಲ ಸೇರಿ ನಾನೂರೈವತ್ತು ರೂಪಾಯಿ. ಬಾಟಲಿ ಇಲ್ಲದೆ ಮುಚ್ಚಳ ಎಲ್ಲಿಂದ ಬಂತು ಅಂತ ಕೇಳಿದೆ. ‘ಮುಚ್ಚಳಾನೇ ಬರುತ್ತೆ ಸಾರ್, ಬಾಕ್ಸಲ್ಲಿ’ ಅಂದ. ಅಂದರೆ ಎಲ್ಲೋ ಒಂದು ಕಡೆ ಫ್ಯಾಕ್ಟರಿಯಲ್ಲಿ ಕೂತು ಹೊಸದಾಗಿ ಹಳೆ ಸಾಮಾನು ತಯಾರಿಸುತ್ತಿದ್ದಾರೆ. ಜಿಎಸ್‌ಟಿ ಬೇರೆ.

ಪೇಪರ್ ಗೌನು ಮಾಡೋಣ ಅಂತ ಹಳೆ ಪೇಪರಿಗೆ ಗುಜರಿ ಅಂಗಡಿಗೆ ಹೋದೆ. ನಮ್ಮ ಮನೆಗೆ ಪೇಪರ್ ಬರುವುದು ನಿಂತು ವರ್ಷಗಳಾಗಿವೆ, ಎಲ್ಲ ಮೊಬೈಲಿನಲ್ಲೇ. ಹಳೆ ಪೇಪರನ್ನು ಆತ ಕೊಳ್ಳುವುದು ಕಿಲೋಗೆ ಹದಿಮೂರಕ್ಕೆ. ನನಗೆ ಹೇಳಿದ್ದು ನಲವತ್ತು. ‘ಈ ವಾರ ಡಿಮ್ಯಾಂಡ್ ಜಾಸ್ತಿ ಸಾರ್, ಅಕ್ಕಪಕ್ಕ ಮೂರು ಸ್ಕೂಲಲ್ಲೂ ಇದೇ.’ ಎರಡು ಕಿಲೋ ತಂದೆ. ಗೌನು ಒಳಗೆ ಚುಚ್ಚಬಾರದು ಅಂತ ಲೈನಿಂಗಿಗೆ ಹೊಸ ಸ್ಯಾಟಿನ್ ಬಟ್ಟೆ, ಅದಕ್ಕೊಂದು ಜಿಪ್ಪು, ಗ್ಲೂ ಗನ್ನು, ಅದರ ಕಡ್ಡಿ. ಒಟ್ಟು 1,840 ರೂಪಾಯಿಯ ಬೇಡದ ವಸ್ತುಗಳು. ಆ ದುಡ್ಡಿಗೆ ಒಳ್ಳೆಯ ಫ್ರಾಕೇ ಬರುತ್ತಿತ್ತು, ಅದನ್ನೇ ಹರಿದು ಕಳಿಸಿದ್ದರೂ ಆಗುತ್ತಿತ್ತು ಅಂತ ಹೆಂಡತಿ ಹೇಳಿದಳು. ಅವಳು ಹೇಳುವುದೆಲ್ಲ ಸರಿಯಾಗಿಯೇ ಇರುತ್ತದೆ, ಸ್ವಲ್ಪ ತಡವಾಗಿ.

ರಾತ್ರಿ ಒಂದು ಗಂಟೆಗೆ ‘ಮಕ್ಕಳೇ ಮಾಡಬೇಕಾದ’ ಡ್ರೆಸ್ಸಿಗೆ ನಾನು ಗಮ್ಮು ಹಾಕುತ್ತಿದ್ದೆ, ಮಗು ಮಲಗಿತ್ತು. ಗಮ್ಮು ಆರುವವರೆಗೆ ಐಡಿಯಾ ಸಿಗಲಿ ಅಂತ ಮೊಬೈಲು ನೋಡಿದೆ. ದೊಡ್ಡವರೂ ಇದೇ ಕೆಲಸದಲ್ಲಿದ್ದಾರೆ! 1995ರ ಆಸ್ಕರ್ ಸಮಾರಂಭಕ್ಕೆ ಲಿಜ್ಜಿ ಗಾರ್ಡಿನರ್ ಎಂಬ ವಸ್ತ್ರವಿನ್ಯಾಸಕಿ 254 ಅಮೆರಿಕನ್ ಎಕ್ಸ್‌ಪ್ರೆಸ್ ಗೋಲ್ಡ್ ಕಾರ್ಡುಗಳನ್ನು ಜೋಡಿಸಿದ ಗೌನು ತೊಟ್ಟು ಬಂದು ಪ್ರಶಸ್ತಿ ತಗೊಂಡರು. 2010ರಲ್ಲಿ ಗಾಯಕಿ ಲೇಡಿ ಗಾಗಾ ಹಸಿ ಮಾಂಸದ ಡ್ರೆಸ್ಸು ಹಾಕಿದರು. ಆಮೇಲೆ ಅದನ್ನು ಕೆಡದ ಹಾಗೆ ಒಣಗಿಸಿ ಮ್ಯೂಸಿಯಮ್ಮಿನಲ್ಲಿ ಇಟ್ಟರು, ನಮ್ಮ ಕಡೆ ಒಣಮೀನಿಗೆ ಆ ಗೌರವ ಇನ್ನೂ ಸಿಕ್ಕಿಲ್ಲ. ಮುಂಬೈನಲ್ಲಿ ಟಿವಿ ನಟಿ ಉರ್ಫಿ ಜಾವೇದ್ ಸಿಮ್ ಕಾರ್ಡು, ಸೇಫ್ಟಿ ಪಿನ್ನು ಯಾವುದನ್ನೂ ಬಿಟ್ಟಿಲ್ಲ. ಇವರೆಲ್ಲ ಪರವಾಗಿಲ್ಲ, ಇದು ಶೋಕಿ ಅಂತ ಒಪ್ಪಿಕೊಂಡೇ ಮಾಡಿದವರು. ನನಗೆ ಕೈ ಮುಗಿಯಬೇಕು ಅನಿಸಿದ್ದು ಬಲೆನ್ಸಿಯಾಗ ಎಂಬ ದುಬಾರಿ ಫ್ಯಾಷನ್ ಕಂಪನಿಗೆ. ಕಸ ತುಂಬುವ ಕವರಿನ ಹಾಗೇ ಕಾಣುವ, ಬಾಯಿಗೆ ದಾರ ಕಟ್ಟಿದ ಚೀಲವನ್ನು ಕರುವಿನ ಚರ್ಮದಲ್ಲಿ ಮಾಡಿ 2022ರಲ್ಲಿ 1,790 ಡಾಲರಿಗೆ ಮಾರಾಟಕ್ಕಿಟ್ಟರು. ಆಗಿನ ಲೆಕ್ಕದಲ್ಲಿ ಹತ್ತಿರ ಹತ್ತಿರ ಒಂದು ಲಕ್ಷದ ನಲವತ್ತು ಸಾವಿರ ರೂಪಾಯಿ. ಅಷ್ಟು ಕೊಟ್ಟು ತಂದಮೇಲೆ ಮನೆಗೆಲಸದವರು ಅದನ್ನು ಬೆಳಿಗ್ಗೆ ಕಸದ ಆಟೋಗೆ ಹಾಕಿಬಿಟ್ಟರೆ ಯಾರನ್ನು ಬೈಯುವುದು?

ಒಂದು ಮಾತ್ರ ಇಷ್ಟವಾಯಿತು. 1930ರ ದಶಕದಲ್ಲಿ ಅಮೆರಿಕದಲ್ಲಿ ಜನರ ಕೈಯಲ್ಲಿ ದುಡ್ಡಿರಲಿಲ್ಲ. ಹಳ್ಳಿಯ ಹೆಂಗಸರು ಹಿಟ್ಟು ಬರುತ್ತಿದ್ದ ಹತ್ತಿಬಟ್ಟೆಯ ಚೀಲ ಬಿಚ್ಚಿ ಮಕ್ಕಳಿಗೆ ಫ್ರಾಕ್ ಹೊಲಿಯುತ್ತಿದ್ದರು. ಇದು ಗೊತ್ತಾಗಿ ಹಿಟ್ಟಿನ ಕಂಪನಿಗಳು ಚೀಲದ ಮೇಲೆ ಹೂವು, ಬಳ್ಳಿ ಅಚ್ಚು ಹಾಕಿಸಿದವು. ಕಂಪನಿಯ ಹೆಸರನ್ನು ತೊಳೆದರೆ ಹೋಗುವ ಶಾಯಿಯಲ್ಲಿ ಬರೆಸಿದವು. ಬೆಳಿಗ್ಗೆ ಅಮ್ಮನಿಗೆ ಇದನ್ನು ಹೇಳಿದೆ. ‘ಹತ್ತಿ ಚೀಲ ಆದ್ರೆ ಒಳ್ಳೇದೇ ಬಿಡು, ಒರೆಸೋ ಬಟ್ಟೆಗೂ ಆಗ್ತದೆ’ ಅಂದಳು.

ಶುಕ್ರವಾರ ಶೋ. ವೇದಿಕೆ ಹಿಂದೆ ಈ ತುದಿಯಿಂದ ಆ ತುದಿಯವರೆಗೆ ಫ್ಲೆಕ್ಸು: ‘ಪ್ಲಾಸ್ಟಿಕ್ ಬಿಡಿ, ಭೂಮಿ ಉಳಿಸಿ.’ ರಾಜ್ಯ ಸರ್ಕಾರ 2016ರ ಮಾರ್ಚಿನಲ್ಲೇ ಪ್ಲಾಸ್ಟಿಕ್ ಚೀಲ, ತಟ್ಟೆ, ಚಮಚದ ಜೊತೆ ಫ್ಲೆಕ್ಸನ್ನೂ ನಿಷೇಧ ಮಾಡಿತ್ತು, ಅದು ಬಹುಶಃ ಬೇರೆ ಫ್ಲೆಕ್ಸು ಇರಬೇಕು. ನವಿಲು ಬಂತು. ಥರ್ಮಾಕೋಲ್ ರೆಕ್ಕೆಯ ಚಿಟ್ಟೆ ಬಂತು. ಸಿಡಿಗಳ ರೋಬೋ ಬಂತು, ಅದರೊಳಗಿನ ಮಗುವಿಗೆ ಕೂರಲು ಆಗುತ್ತಿರಲಿಲ್ಲ, ಬಾತ್‌ರೂಮಿಗೆ ಹೋಗಬೇಕು ಅಂತ ಅಳುತ್ತಿತ್ತು, ಅವರಮ್ಮ ‘ಇನ್ನೈದು ನಿಮಿಷ ಕಂದಾ’ ಅನ್ನುತ್ತಿದ್ದರು. ನನ್ನ ಮಗಳ ಪೇಪರ್ ಗೌನು ನಡೆದರೆ ಹಪ್ಪಳ ಮುರಿದ ಸದ್ದು ಮಾಡುತ್ತಿತ್ತು. ಎದೆಯ ಹತ್ತಿರ ‘ಪೈಲ್ಸ್‌ಗೆ ಶಾಶ್ವತ ಪರಿಹಾರ’ ಎಂಬ ಜಾಹೀರಾತು ಬಂದಿದ್ದು ಸ್ಟೇಜಿನ ದೀಪ ಬಿದ್ದಾಗಲೇ ನಾನು ನೋಡಿದ್ದು.

ಫಸ್ಟ್ ಪ್ರೈಜು ಮತ್ಸ್ಯಕನ್ಯೆಗೆ. ಬಿಳಿ ಪ್ಲಾಸ್ಟಿಕ್ ಚಮಚಗಳ ಹಿಡಿ ಕತ್ತರಿಸಿ, ಒಂದರ ಮೇಲೊಂದು ಮೀನಿನ ಹುರುಪೆಯ ಹಾಗೆ ಅಂಟಿಸಿದ್ದರು. ನೋಡಲು ಚಂದವೇ ಇತ್ತು, ಹೊಟ್ಟೆಕಿಚ್ಚಿಲ್ಲದೆ ಹೇಳುತ್ತೇನೆ. ಎಲ್ಲ ಹೊಸ ಚಮಚ. 2022ರ ಜುಲೈ 1ರಿಂದ ದೇಶಕ್ಕೆ ದೇಶವೇ ಈ ಚಮಚ, ಸ್ಟ್ರಾ, ಅಲಂಕಾರದ ಥರ್ಮಾಕೋಲ್ ಎಲ್ಲವನ್ನೂ ನಿಲ್ಲಿಸಿದೆ. ಎಲ್ಲಿ ಸಿಕ್ಕಿತು ಅಂತ ಅವರಪ್ಪನನ್ನು ಕೇಳಿದೆ. ‘ಅಂಗಡೀಲಿ ಮೆಲ್ಲಗೆ ಕೇಳಿದ್ರೆ ಒಳಗಿಂದ ತಂದ್ಕೊಡ್ತಾರೆ’ ಅಂದರು. ಪಾಪದ ಮಗು ಮೈಕು ಹಿಡಿದು ಬಾಯಿಪಾಠ ಒಪ್ಪಿಸಿತು: ‘ನಾನು ಸಮುದ್ರದ ಮಗಳು. ನಿಮ್ಮ ಪ್ಲಾಸ್ಟಿಕ್ ನನ್ನನ್ನು ಕೊಲ್ಲುತ್ತಿದೆ.’ ಚಪ್ಪಾಳೆಯೋ ಚಪ್ಪಾಳೆ. ಬಹುಮಾನ ಒಂದು ಪ್ಲಾಸ್ಟಿಕ್ ಟಿಫಿನ್ ಬಾಕ್ಸು, ಜರಿ ಕಾಗದ ಸುತ್ತಿದ್ದು. ನಮಗೆ ಭಾಗವಹಿಸಿದ್ದಕ್ಕೆ ಸರ್ಟಿಫಿಕೇಟು. ಲ್ಯಾಮಿನೇಷನ್ ಮಾಡಿಸಿದ್ದು.

ಶನಿವಾರ ಬೆಳಿಗ್ಗೆ ಕಸದ ಆಟೋ ಬಂದಾಗ ಗೌನು ಹಿಡಿದುಕೊಂಡು ಕೆಳಗೆ ಹೋದೆ. ಆಟೋದಲ್ಲಿದ್ದ ಅಕ್ಕ ಅದನ್ನು ಎತ್ತಿ, ತಿರುಗಿಸಿ, ಒಳಗೆ ಕೈ ಹಾಕಿ ನೋಡಿದರು. ‘ಪೇಪರ್ರು, ಪ್ಲಾಸ್ಟಿಕ್ಕು, ಬಟ್ಟೆ, ಗಮ್ಮು, ಎಲ್ಲ ಮಿಕ್ಸ್ ಮಾಡಿದ್ದೀರ. ಇದನ್ನ ತಗೊಳ್ಳಕಾಗಲ್ಲ ಸಾರ್. ಬೇರೆ ಬೇರೆ ಮಾಡಿ ಕೊಡಿ.’ ಗುಜರಿ ಅಂಗಡಿಗೆ ಒಯ್ದೆ. ಅವನದೇ ಪೇಪರು. ‘ಗಮ್ಮು ಹಚ್ಚಿದ್ದೀರಲ್ಲ ಸಾರ್, ಇದು ವೇಸ್ಟು’ ಅಂದ. ನಾಲ್ಕು ದಿನದಲ್ಲಿ ಆ ಪದವನ್ನು ಸರಿಯಾದ ಅರ್ಥದಲ್ಲಿ ಬಳಸಿದವನು ಅವನೊಬ್ಬನೇ.

ವಾಪಸ್ ತಂದೆ. ಸಣ್ಣಗೆ ಮಳೆ ಶುರುವಾಗಿತ್ತು. ಅಮ್ಮ ಕೊಪ್ಪೆ ಹಾಕಿಕೊಂಡು ಟೆರೇಸಿನಲ್ಲಿ ಕರಿಬೇವು ಕೀಳುತ್ತಿದ್ದಳು, ಮಗಳು ಅವಳ ಹಿಂದೆ ಅದೇ ಚೀಲದೊಳಗೆ ತೂರಿಕೊಂಡು ನಿಂತಿದ್ದಳು. ಗೌನನ್ನು ಅಟ್ಟಕ್ಕೆ ಹಾಕಿ ಕೂತೆ. ಅಷ್ಟರಲ್ಲಿ ಮೊಬೈಲು ಕೂಗಿತು. ಎರಡನೇ ಕ್ಲಾಸಿನ ಮಗುವೊಂದರ ತಂದೆ. ಮುಂದಿನ ಶುಕ್ರವಾರ ಅವರ ಸರದಿಯಂತೆ. ‘ಸಾರ್, ಆ ಪೇಪರ್ ಗೌನು ಬಾಡಿಗೆಗೆ ಕೊಡ್ತೀರಾ?’

ಐನೂರು ಅಂದೆ. ಡೆಪಾಸಿಟ್ ಬೇರೆ.